ಸರ್ವಾನುಮತದಿಂದ ಮೂರು ತುಂಡಾದ ಮೋಟಾರ್ ಸೈಕಲ್

ಈ ಪ್ರಕರಣದ ಸಂಪೂರ್ಣ ನಷ್ಟವನ್ನು ಅನುಭವಿಸಿದವಳು ನನ್ನ ಹೆಂಡತಿ ವನಜಾಕ್ಷಿ. ತಪ್ಪು ಮಾಡಿದವನು ನಾನು. ನಡುವೆ ಒಂದು ಸಮಿತಿಯಿತ್ತು. ಅದರ ಸಂಚಾಲಕನೂ ನಾನೇ!

ಹೊಸಪೇಟೆಯಲ್ಲಿ ನನ್ನನ್ನು ಬಲ್ಲವರಿಗೆ ನನ್ನ ಸ್ವಭಾವ ತಿಳಿದದ್ದೇ. ಅನ್ಯಾಯ ಕಂಡಲ್ಲಿ ಮನವಿ ಪತ್ರ ಬರೆಯುವವನು ನಾನು. ಅದಿರು ಲಾರಿಗಳ ಕೆಂಪು ಧೂಳು, ನಡೆಯುವವರ ದಾರಿಯನ್ನು ನುಂಗಿ ಕೂತ ಅಂಗಡಿಗಳು, ಹೆಂಗಸರ ಶೌಚಾಲಯಕ್ಕೆ ಬೀಗ ಜಡಿದು ಬೀಗದ ಕೈ ಕಳೆದುಕೊಳ್ಳುವ ಪದ್ಧತಿ, ಯಾವುದನ್ನೂ ನಾನು ಬಿಟ್ಟವನಲ್ಲ. ನಾನು ಓದಿದ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಯ ಬದಲು ಚರ್ಚೆ ನಡೆಯುತ್ತಿತ್ತು. ಆ ಚರ್ಚೆ ನನ್ನೊಳಗೆ ಇನ್ನೂ ಮುಗಿದಿಲ್ಲ.

ನಮ್ಮ ಅಂಗಳದಲ್ಲಿ ನಿಂತಿದ್ದ ಎರಡು ಸೈಲೆನ್ಸರಿನ ಹಳೆಯ ಮೋಟಾರ್ ಸೈಕಲ್ ಮೂಲತಃ ವನಜಾಕ್ಷಿಯ ತಂದೆಯದು. ಅವರು ಕಂಪ್ಲಿಯವರು, ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದರು. ಆ ಗಾಡಿಯ ಮೇಲೆ ದಂಡೆಯುದ್ದಕ್ಕೂ ತಿರುಗಿ ತೂಬುಗಳನ್ನು ನೋಡಿಬರುತ್ತಿದ್ದರು. ಮಗಳಿಗೆ ಹದಿನೆಂಟು ತುಂಬುತ್ತಲೇ ಅದೇ ದಂಡೆಯ ಮೇಲೆ ಆಕೆಗೂ ಓಡಿಸಲು ಕಲಿಸಿದರು. ಗದ್ದೆಯಲ್ಲಿದ್ದವರು ಭತ್ತದ ನಾಟಿ ನಿಲ್ಲಿಸಿ, ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದರಂತೆ.

ಮದುವೆಯ ಹೊತ್ತಿಗೆ ಮಾವನವರು ಆ ಗಾಡಿಯನ್ನು ನನಗೆ ಕೊಡಲು ಬಂದರು. ನಾನು ಬೀಗರೆಲ್ಲರ ಮುಂದೆ ಎದ್ದು ನಿಂತು ನಿರಾಕರಿಸಿದೆ. ವರದಕ್ಷಿಣೆ ಒಂದು ಸಾಮಾಜಿಕ ಅಪರಾಧ, ಕೊಡುವುದಾದರೆ ಮಗಳ ಹೆಸರಿಗೆ ಮಾಡಿಕೊಡಿ ಎಂದೆ. ಅವರು ಹಾಗೆಯೇ ಮಾಡಿದರು. ಈ ಪ್ರಸಂಗವನ್ನು ಆಮೇಲೆ ಎಷ್ಟೋ ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆ ವೇದಿಕೆಗಳಿಗೆ ಆ ಗಾಡಿಯನ್ನು ಓಡಿಸಿಕೊಂಡು ಹೋದವನು ನಾನು. ಹಿಂದಿನ ಸೀಟಿನಲ್ಲಿ ವನಜಾಕ್ಷಿ. ಆಕೆಯ ತೊಡೆಯ ಮೇಲೆ ಮಹಿಳಾ ಸಮಾನತೆಯ ಬ್ಯಾನರ್!

ನೀನು ಓಡಿಸಬೇಡ ಎಂದು ನಾನು ಒಂದು ದಿನವೂ ಹೇಳಲಿಲ್ಲ. ಬೀಗದ ಕೈ ಮಾತ್ರ ಮೂವತ್ತು ವರ್ಷ ನನ್ನ ಜೇಬಿನಲ್ಲಿತ್ತು.

ಕೊನೆಗೊಂದು ದಿನ ಗಾಡಿ ಕೆಮ್ಮಿ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಕೆಲವು ವರ್ಷಗಳ ನಂತರ, ಅಂದರೆ ಕಳೆದ ದೀಪಾವಳಿಯ ಮುನ್ನ, ಅಂಗಳ ತೊಳೆಯುತ್ತಿದ್ದ ವನಜಾಕ್ಷಿ ಅದರ ಟ್ಯಾಂಕನ್ನು ಹಳೆಯ ಸೀರೆಯ ತುಂಡಿನಿಂದ ಒರೆಸುತ್ತ ಹೇಳಿದಳು:

"ಸಂಕ್ರಾಂತಿ ಮುಗದ ಮ್ಯಾಲೆ ನನ್ನ ಮಣಕಾಲು ಆಪರೇಷನ್ ಅಂತ ಡಾಕ್ಟ್ರು ಹೇಳ್ಯಾರ. ಅಷ್ಟರಾಗ ಇದನ್ನ ಶುರು ಮಾಡಸ್ರಿ. ಕಂಪ್ಲಿ ಕಾಲುವಿ ದಂಡಿ ಮ್ಯಾಲೆ ಒಮ್ಮೆ ಓಡಸ್ಬೇಕು ನಾನು. ಕಿಕ್ ನೀವು ಹೊಡೀರಿ, ಸಾಕು."

"ಖಂಡಿತ!" ಎಂದೆ. "ಆದರೆ ವಾಹನದ ಭವಿಷ್ಯದ ಬಗ್ಗೆ ಮೊದಲು ಸಮಗ್ರ ಚರ್ಚೆ ಆಗಬೇಕು. ಇದ್ದ ಹಾಗೆ ಉಳಿಸುವುದೋ, ಬದಲಾಯಿಸುವುದೋ, ಮಾರುವುದೋ?"

"ಚರ್ಚಾ ಯಾತಕ್ರೀ? ಪ್ಲಗ್ ಬದಲಿ ಮಾಡಿ ಕಾರ್ಬೊರೇಟರ್ ತೊಳದ್ರ ಶುರು ಆಕ್ಕೈತಿ ಅಂದಾನ ಗ್ಯಾರೇಜಿನ ಮೌಲಾಸಾಬ."

"ಏಕಪಕ್ಷೀಯ ನಿರ್ಧಾರ ಸರ್ವಾಧಿಕಾರದ ಮೊದಲ ಮೆಟ್ಟಿಲು, ವನಜಾ."

ಆಕೆ ನನ್ನನ್ನೊಮ್ಮೆ ನೋಡಿದಳು. ಸೀರೆಯ ತುಂಡನ್ನು ಹಿಂಡಿದಳು.

"ಆತು. ಚಾ ಎಷ್ಟ್ ಮಂದಿಗೆ?"

ಭಾನುವಾರ ನಮ್ಮ ಮನೆಯ ಕಟ್ಟೆಯ ಮೇಲೆ ಸಭೆ ಸೇರಿತು. ಸದಸ್ಯರು ಮೂವರು. ಮೊದಲನೆಯವರು ಪಕ್ಕದ ಮನೆಯ ಕೃಷ್ಣಾಚಾರ್, ನಿವೃತ್ತ ಅಧಿಕಾರಿ. ಎರಡನೆಯವರು ಎದುರು ಮನೆಯ ಅಕ್ಕಿ ವ್ಯಾಪಾರಿ ವೀರಭದ್ರಪ್ಪ. ಮೂರನೆಯವನು ನಾನು.

"ಹಂಪಿ ಮಗ್ಗಲದಾಗ ಇದ್ಕೊಂಡು ಹಳೇದನ್ನ ಉಳಸೂದು ಗೊತ್ತಿಲ್ಲಂದ್ರ ಹೆಂಗ್ರಿ?" ಎಂದರು ಕೃಷ್ಣಾಚಾರ್. "ಹೆಂಗಿತ್ತೋ ಹಂಗ ಆಗ್ಬೇಕು. ಒಂದು ಬೋಲ್ಟೂ ಹೊಸಾದು ಇರಬಾರದು!"

"ಆಚಾರ್ರೇ, ಬೋಲ್ಟಿಗೆ ಮಡಿ ಉಡಸ್ಬ್ಯಾಡ್ರಿ" ಎಂದರು ವೀರಭದ್ರಪ್ಪ. "ಮಾರಿ ಕೈ ತೊಳಕೊಳ್ರಿ. ಹಂಪ್ಯಾಗ ನನ್ನ ಗಿರಾಕಿ ಒಬ್ಬಾಂವ ಕೆಫೆ ಇಟ್ಟಾನ. ಅವಂಗ ಹಳೀ ಗಾಡಿ ಮುಂದಿನ ಅರ್ಧ ಬೇಕಂತ. ಗ್ವಾಡಿ ಒಡಕೊಂಡು ಹೊರಗ ಬಂದಂಗ ಕಾಣಬೇಕಂತ."

ನನ್ನ ನಿಲುವು ಬೇರೆ. ಗಾಡಿಯನ್ನು ಪ್ರಚಾರ ವಾಹನವಾಗಿ ಮಾರ್ಪಡಿಸಬೇಕು. ಟ್ಯಾಂಕಿನ ಮೇಲೆ ಘೋಷಣೆ, ಪಕ್ಕದಲ್ಲಿ ಕರಪತ್ರಗಳ ಚೀಲ, ಹಿಂದೆ ಧ್ವನಿವರ್ಧಕ. ಹೋರಾಟಕ್ಕೊಂದು ಚಕ್ರ ಸಿಕ್ಕಂತಾಗುತ್ತದೆ!

ಎರಡು ಗಂಟೆ ವಾದ ನಡೆಯಿತು. ಮೂರು ಸುತ್ತು ಚಹಾ ಬಂತು. ಮತಕ್ಕೆ ಹಾಕೋಣ ಎಂದರು ವೀರಭದ್ರಪ್ಪ. ಬಹುಮತವೆಂದರೆ ಅಲ್ಪಮತದ ದಮನ ಎಂದು ನಾನು ವಿವರಿಸಿದೆ. ಕಡೆಗೆ ಸರ್ವಾನುಮತ ಮೂಡಿತು. ಎಂಜಿನ್ನನ್ನು ಮೂಲ ರೂಪದಲ್ಲಿ ಪುನಶ್ಚೇತನಗೊಳಿಸುವುದು, ಏಕೆಂದರೆ ಗಾಡಿಯ ಆತ್ಮ ಅದೇ ಎಂದು ಕೃಷ್ಣಾಚಾರ್ ಒಪ್ಪಿದರು. ಟ್ಯಾಂಕನ್ನು ಮಾರ್ಪಡಿಸುವುದು. ಮುಂಭಾಗವನ್ನು ಮಾರುವುದು; ಬಂದ ಹಣದಲ್ಲಿ ಬೇರೊಂದು ಮುಂಭಾಗ ಹುಡುಕಿ ಜೋಡಿಸುವುದು.

ಮೂವರಿಗೂ ನ್ಯಾಯ ಸಿಕ್ಕಿತು. ಗಾಡಿಗೆ ಸಿಗಲಿಲ್ಲ.

ನಡಾವಳಿಯನ್ನು ನಾನೇ ದುಂಡಾಗಿ ಬರೆದೆ. ಹಾಜರಿದ್ದವರು ಮೂವರು. ಕೊನೆಯ ಸಾಲು: ಉತ್ತಮ ಚಹಾ ಒದಗಿಸಿದ ಶ್ರೀಮತಿ ವನಜಾಕ್ಷಿಯವರಿಗೆ ಸಭೆ ಕೃತಜ್ಞತೆ ಸಲ್ಲಿಸುತ್ತದೆ.

ಎಂಜಿನ್ ಮೌಲಾಸಾಬನ ಗ್ಯಾರೇಜಿಗೆ ಹೋಯಿತು. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಪ್ಲಗ್ ಒಂದ ಹೋಗೇತ್ರಿ ಸರ. ಪೂರಾ ಬಿಚ್ಚೂದು ಯಾತಕ?"

"ಸಮಿತಿ ಸಂಪೂರ್ಣ ಪುನಶ್ಚೇತನ ಎಂದು ತೀರ್ಮಾನಿಸಿದೆ, ಮೌಲಾ."

"ಸಮಿತಿ ಸ್ಪ್ಯಾನರ್ ಹಿಡಿತೈತೇನ್ರಿ?"

ಹಿಡಿಯಲಿಲ್ಲ. ಆದರೆ ಕೃಷ್ಣಾಚಾರ್ ದಿನಾ ಬೆಳಿಗ್ಗೆ ಗ್ಯಾರೇಜಿಗೆ ಹೋಗಿ, ಸ್ಟೂಲಿನ ಮೇಲೆ ಕೂತು, ಹೊಸ ಬೋಲ್ಟುಗಳನ್ನು ತಿರಸ್ಕರಿಸತೊಡಗಿದರು. ಮೌಲಾಸಾಬ ಗುಜರಿ ಅಂಗಡಿಗಳಲ್ಲಿ ಹಳೆಯ ಬೋಲ್ಟು ಹುಡುಕುತ್ತ ಗಾದಿಗನೂರಿನವರೆಗೂ ಹೋಗಿಬಂದ. ಕಾರ್ತಿಕ ಮಾಸ ಬೋಲ್ಟಿನಲ್ಲಿಯೇ ಕಳೆಯಿತು.

ಟ್ಯಾಂಕನ್ನು ನಾನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಸಂಡೂರಿಗೆ ಒಯ್ದೆ. ಅಲ್ಲಿಯ ಪೇಂಟರ್ ಒಬ್ಬ ಅದಿರು ಲಾರಿಗಳ ಮೇಲೆ ಅಕ್ಷರ ಬರೆಯುವುದರಲ್ಲಿ ನಿಸ್ಸೀಮನೆಂದು ಕೇಳಿದ್ದೆ. ಕಪ್ಪು ಬಣ್ಣ ಕೆರೆಸಿ, ಹಸಿರು ಬಳಿಸಿ, ಬಿಳಿಯಲ್ಲಿ 'ಧೂಳುಮುಕ್ತ ರಸ್ತೆ ನಮ್ಮ ಹಕ್ಕು' ಎಂದು ಬರೆಯಬೇಕೆಂದು ಲಿಖಿತವಾಗಿ ಸೂಚಿಸಿದೆ. ವಾರದ ನಂತರ ಹೋದರೆ ಘೋಷಣೆಯೇನೋ ಇತ್ತು. ಅದರ ಕೆಳಗೆ ದೃಷ್ಟಿ ತಾಗದಿರಲೆಂದು ಎರಡು ದೊಡ್ಡ ಕಣ್ಣುಗಳಿದ್ದವು. ಅವುಗಳ ಕೆಳಗೆ 'ಹಾರ್ನ್ ಹೊಡೀರಿ' ಎಂದಿತ್ತು!

"ಇದನ್ನು ಯಾರು ಬರೆಯಲು ಹೇಳಿದರು?"

"ಯಾರೂ ಹೇಳಿಲ್ರಿ. ಬ್ರಷ್ ಹಿಡಿದ್ರ ತಾನ ಬರ್ತೈತಿ. ಇಪ್ಪತ್ತ್ ವರ್ಷದ ಅಭ್ಯಾಸ."

ಅದನ್ನೂ ಸಹಿಸಬಹುದಿತ್ತು. ಆದರೆ ಆತ ಟ್ಯಾಂಕನ್ನು ಒಣಗಲು ಇಟ್ಟದ್ದು ರಸ್ತೆಯ ಅಂಚಿನಲ್ಲಿ. ಇಡೀ ದಿನ ಅದಿರು ಲಾರಿಗಳು ಹಾಯ್ದುಹೋಗಿದ್ದವು. ಹಸಿ ಬಣ್ಣದ ಮೇಲೆ ಕೆಂಪು ಧೂಳು ಕೂತು, ಅಕ್ಷರಗಳ ಜೊತೆಗೇ ಒಣಗಿ, ಶಾಶ್ವತವಾಗಿ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದೆ. 'ಮುಕ್ತ' ಎಂಬುದಷ್ಟೇ ಕಿತ್ತು ಬಂತು! ಮತ್ತೊಮ್ಮೆ ಬರೆಯಲು ಹೇಳಿ, ಟ್ಯಾಂಕನ್ನು ಅಲ್ಲಿಯೇ ಬಿಟ್ಟು ಬಂದೆ.

ಇಷ್ಟರಲ್ಲಿ ಹಂಪಿಯ ಕೆಫೆಯವರು ಗೂಡ್ಸ್ ಆಟೋ ತಂದು ಮುಂಭಾಗವನ್ನು ಒಯ್ದಿದ್ದರು. ಮುಂದಿನ ಚಕ್ರ, ಹ್ಯಾಂಡಲ್, ಹೆಡ್‌ಲೈಟು, ಅದರಲ್ಲಿಯೇ ಇದ್ದ ಬೀಗ, ಎಲ್ಲವೂ ಹೋದವು. ಬೀಗದ ಕೈ ಮಾತ್ರ ನನ್ನ ಜೇಬಿನಲ್ಲಿಯೇ ಉಳಿಯಿತು. ಸರ್ವಾನುಮತದ ತೀರ್ಮಾನವೆಂದು ನಾನು ಪತ್ರವನ್ನೂ ಕೊಟ್ಟಿದ್ದೆ. ಅಂಗಳದಲ್ಲಿ ಉಳಿದದ್ದು ಇಟ್ಟಿಗೆಯ ಮೇಲೆ ನಿಂತ ಚೌಕಟ್ಟು, ಹಿಂದಿನ ಚಕ್ರ, ಸೀಟು. ವನಜಾಕ್ಷಿ ಅದಕ್ಕೆ ಹಳೆಯ ಸೀರೆಯೊಂದನ್ನು ಹೊದಿಸಿದಳು.

"ಕಾಲುವಿ ದಂಡಿಗೆ ಯಾವಾಗ ಹೋಗೂದು?" ಎಂದು ಕೇಳಿದಳು.

"ಪ್ರಕ್ರಿಯೆ ಪ್ರಗತಿಯಲ್ಲಿದೆ" ಎಂದೆ.

ಸಂಕ್ರಾಂತಿಗೆ ಕೆಲವೇ ದಿನವಿದ್ದಾಗ ಕೆಫೆಯವರು ಫೋನ್ ಮಾಡಿದರು. ಮುಂದೆ ಪೊಲೀಸರು ಕೇಳಿದರೆ ತೋರಿಸಲು ಮಾಲೀಕರ ಸಹಿ ಬೇಕೆಂದರು. ನ್ಯಾಯವಾದ ಮಾತು. ಟ್ರಂಕು ತೆರೆದು ಗಾಡಿಯ ಕಾಗದ ತೆಗೆದೆ. ಮಾಲೀಕರ ಹೆಸರು ನೋಡಿದೆ. ಎಷ್ಟೋ ವೇದಿಕೆಗಳಲ್ಲಿ ನಾನೇ ಸಾರಿದ ಹೆಸರು! ಆ ಕ್ಷಣದವರೆಗೆ ಅದಕ್ಕೊಂದು ಅರ್ಥವಿದೆಯೆಂದು ನನಗೆ ಹೊಳೆದಿರಲಿಲ್ಲ.

ವನಜಾಕ್ಷಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. "ಇಲ್ಲೊಂದು ಸಹಿ ಮಾಡು" ಎಂದೆ.

"ಯಾತಕ್ಕ?"

"ಮಾಲೀಕರ ಒಪ್ಪಿಗೆ ಬೇಕಂತೆ."

"ಯಾರು ಮಾಲೀಕ್ರು?"

ನಾನು ಕಾಗದವನ್ನು ಮತ್ತೊಮ್ಮೆ ನೋಡಿದೆ. "ನೀನು."

"ಮೀಟಿಂಗಿಗೆ ಮಾಲೀಕ್ರು ಬಂದಿದ್ರೇನು?"

"ಇದ್ದರಲ್ಲ... ಒಳಗೆ ಇದ್ದರು."

"ಹೌದು. ಒಲಿ ಮುಂದ ಇದ್ರು." ನಡಾವಳಿಯ ಪುಸ್ತಕ ತರಿಸಿಕೊಂಡು, ಕನ್ನಡಕ ಹಾಕಿಕೊಂಡು, ಮೊದಲಿಂದ ಕೊನೆಯವರೆಗೆ ಓದಿದಳು. "ಚಾ ಚಲೋ ಇತ್ತು ಅಂತ ಬರದೀರಿ. ಅಷ್ಟಾದ್ರೂ ಬರದೀರಲ್ಲ."

ಸಹಿ ಮಾಡಲಿಲ್ಲ. ಜಗಳವನ್ನೂ ಮಾಡಲಿಲ್ಲ. ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಜಗಳ ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ. ಅದರಲ್ಲಿ ನನಗೆ ತರಬೇತಿಯಿದೆ.

ಮರುದಿನವೇ ಹಂಪಿಗೆ ಓಡಿದೆ. ಮಲಪನಗುಡಿ ದಾಟುವವರೆಗೂ ಬಸ್ಸಿನಲ್ಲಿ ಮನವಿ ಪತ್ರವನ್ನು ತಿದ್ದುತ್ತಿದ್ದೆ. ಕೆಫೆಯ ಮುಂದೆ ನಿಂತಾಗ ಅದು ಕೈಯಲ್ಲಿಯೇ ಉಳಿಯಿತು. ಕಾಲುವೆಯ ದಂಡೆಯ ಮೇಲೆ ಓಡಬೇಕಿದ್ದ ಚಕ್ರ ಗೋಡೆಯಿಂದ ಹೊರಗೆ ಚಾಚಿಕೊಂಡಿತ್ತು. ಸುತ್ತ ಸಿಮೆಂಟು. ಹೆಡ್‌ಲೈಟು ಹಗಲಿನಲ್ಲಿಯೇ ಉರಿಯುತ್ತ ತಿಂಡಿಗಳ ಪಟ್ಟಿಗೆ ಬೆಳಕು ಕೊಡುತ್ತಿತ್ತು. ಪ್ರವಾಸಿಗರಿಬ್ಬರು ಅದರ ಹ್ಯಾಂಡಲ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಮಾಲೀಕರ ಒಪ್ಪಿಗೆ ಇಲ್ಲ. ದಯವಿಟ್ಟು ವಾಪಸು ಕೊಡಿ" ಎಂದೆ.

"ಈಗ ತೆಗೆದ್ರ ಗ್ವಾಡಿ ಬೀಳ್ತೈತ್ರಿ ಸರ" ಎಂದರು ಕೆಫೆಯವರು. ಪಾಪ, ಒಳ್ಳೆಯ ಮನುಷ್ಯ. ಕಾಫಿ ಕೊಟ್ಟರು. "ನಿಮ್ಮ ಪತ್ರ ನೋಡೇ ಸಿಮೆಂಟ್ ಹಾಕಿಸೀನಿ. ಸರ್ವಾನುಮತ ಅಂತ ದಪ್ಪ ಅಕ್ಷರದಾಗ ಬರದೀರಿ. ನೀವ ಬರದದ್ದು ಸುಳ್ಳಂತ ಹೆಂಗ ತಿಳೀಲ್ರಿ?"

ಅಕ್ರಮ ಗೋಡೆಗಳ ವಿರುದ್ಧ ಜೀವನವಿಡೀ ಅರ್ಜಿ ಬರೆದವನ ಮುಂದೆ ಮೊದಲ ಬಾರಿಗೆ ಒಂದು ಸಕ್ರಮ ಗೋಡೆ ನಿಂತಿತ್ತು. ಅದನ್ನು ಸಕ್ರಮಗೊಳಿಸಿದವನು ನಾನೇ!

ಸಂಕ್ರಾಂತಿ ಮುಗಿಯಿತು. ಆಸ್ಪತ್ರೆಗೆ ಸೇರುವ ದಿನ ಬಂತು. ಬಟ್ಟೆಯ ಚೀಲ, ಫ್ಲಾಸ್ಕು, ಎಕ್ಸ್‌ರೇ ಹಿಡಿದು ಆಟೋ ಹತ್ತಿದೆವು. ಮೌಲಾಸಾಬನ ಗ್ಯಾರೇಜು ದಾರಿಯಲ್ಲಿಯೇ ಇತ್ತು. ವನಜಾಕ್ಷಿ ಆಟೋ ನಿಲ್ಲಿಸಲು ಹೇಳಿ, ಕೂತಲ್ಲಿಂದಲೇ ಕೂಗಿದಳು:

"ಮೌಲಾ, ಎಂಜಿನ್ ಎಲ್ಲಿಗೆ ಬಂತೋ?"

"ಆಗೇತಿ ಅಕ್ಕಾ! ಕುಂದ್ರಸಾಕ ಗಾಡಿ ಇಲ್ಲ, ಅಷ್ಟ!"

ಎಂಜಿನ್ನನ್ನು ಅವನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದಿದ್ದ. ಟ್ಯಾಂಕಿಲ್ಲವಾದ್ದರಿಂದ ಮೇಲಿನ ಮೊಳೆಗೆ ಸಲೈನ್ ಬಾಟಲಿ ನೇತುಹಾಕಿ, ಅದರ ಕೊಳವೆಯಿಂದ ಪೆಟ್ರೋಲ್ ಬಿಟ್ಟಿದ್ದ. ರೋಗಿಯಂತೆಯೇ ಕಾಣುತ್ತಿತ್ತು. ಒಂದು ಕಿಕ್ ಹೊಡೆದ. ಎರಡನೆಯದು ಹೊಡೆದ. ಮೂರನೆಯದಕ್ಕೆ ಇಡೀ ಓಣಿ ಹೊಗೆಯಿಂದ ತುಂಬಿತು. ಅದೇ ಹಳೆಯ ಸದ್ದು. ಚಕ್ರವಿಲ್ಲ, ಸೀಟಿಲ್ಲ, ಹೋಗಬೇಕಾದ ಊರಿಲ್ಲ. ಸದ್ದು ಮಾತ್ರ.

ವನಜಾಕ್ಷಿ ಆಟೋದಲ್ಲಿ ನೆಟ್ಟಗೆ ಕೂತಿದ್ದಳು. ಎಕ್ಸ್‌ರೇ ಲಕೋಟೆಯ ಮೇಲಿದ್ದ ಆಕೆಯ ಬಲಗೈ ಮುಷ್ಟಿಯಾಗಿತ್ತು. ಸದ್ದು ಏರಿದಂತೆ ಮಣಿಕಟ್ಟು ಮೆಲ್ಲಗೆ ಹಿಂದಕ್ಕೆ ತಿರುಗುತ್ತಿತ್ತು, ಇಳಿದಂತೆ ಮುಂದಕ್ಕೆ. ಮೂವತ್ತು ವರ್ಷ ಆ ಕೈ ನನ್ನ ಬೆನ್ನ ಹಿಂದೆ ಇತ್ತು, ನಾನು ನೋಡಿರಲಿಲ್ಲ.

"ಸಾಕೋ ಮೌಲಾ, ಪೆಟ್ರೋಲ್ ದಂಡ" ಎಂದಳು. "ನಡೀರಿ, ಡಾಕ್ಟ್ರು ಕಾಯ್ತಿರ್ತಾರ."

ಆಪರೇಷನ್ ಸುಸೂತ್ರವಾಯಿತು. ಇನ್ನೆರಡು ತಿಂಗಳಿಗೆ ಗಾಡಿ ಓಡಿಸಬಹುದು, ಕಿಕ್ ಮಾತ್ರ ಎಂದಿಗೂ ಹೊಡೆಯಬಾರದು ಎಂದರು ವೈದ್ಯರು. ಈಗ ಆಕೆ ವಾಕರ್ ಹಿಡಿದು ದಿನವೂ ಅಂಗಳದಲ್ಲಿ ಆ ಅರ್ಧ ಗಾಡಿಯನ್ನು ಸುತ್ತುತ್ತಾಳೆ. ನಾನು ಕಟ್ಟೆಯ ಮೇಲೆ ಕೂತು ಸುತ್ತು ಎಣಿಸುತ್ತೇನೆ. ಸಮಿತಿ ನನಗೆ ವಹಿಸಿದ ಕೆಲಸಗಳಿಗಿಂತ ಇದು ಹೆಚ್ಚು ಉಪಯುಕ್ತ.

ಮೊನ್ನೆ ಈ ಅನ್ಯಾಯದ ವಿರುದ್ಧವೂ ಒಂದು ಮನವಿ ಪತ್ರ ಸಿದ್ಧಪಡಿಸಿದೆ. ಪೇಂಟರಿಗೆ, ಕೆಫೆಯವರಿಗೆ, ಕೃಷ್ಣಾಚಾರ್ ಮತ್ತು ವೀರಭದ್ರಪ್ಪನವರಿಗೆ ಉದ್ದೇಶಿಸಿ ನಾಲ್ಕು ಪುಟ. ಕೆಳಗೆ ಅರ್ಜಿದಾರನೆಂದು ನನ್ನ ಸಹಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, 'ಪ್ರತಿ: ಶ್ರೀಮತಿ ವನಜಾಕ್ಷಿ, ಮಾಹಿತಿಗಾಗಿ.'

ಆಕೆ ನಾಲ್ಕೂ ಪುಟ ಓದಿದಳು. ಪೆನ್ನು ಕೇಳಿದಳು. ಮೇಲಿನ ಹೆಸರುಗಳನ್ನೆಲ್ಲ ಹೊಡೆದುಹಾಕಿ ಅಲ್ಲಿ ನನ್ನ ಹೆಸರು ಬರೆದಳು. ನನ್ನ ಸಹಿಯನ್ನು ಹೊಡೆದು ತನ್ನದನ್ನು ಹಾಕಿದಳು. ಜೀವನವಿಡೀ ಅರ್ಜಿ ಬರೆದವನಿಗೆ ಕೊನೆಗೂ ಒಂದು ಅರ್ಜಿ ಬಂತು! ಆಕೆ ಅದರ ನಾಲ್ಕೂ ಪುಟಗಳನ್ನು ಅಡ್ಡಗೆರೆ ಎಳೆದು ರದ್ದುಪಡಿಸಿ, ಹಿಂಬದಿಯಲ್ಲಿ ಬರೆದ ಬೇಡಿಕೆಯನ್ನು ಒಂದಕ್ಷರವೂ ಬದಲಿಸದೆ ಕೆಳಗೆ ಕೊಟ್ಟಿದ್ದೇನೆ:

"ಸಂಚಾಲಕರಿಗೆ. ಗ್ವಾಡಿ ನೀವ ಒಡೀರಿ, ನೀವ ಕಟ್ಟಿಕೊಡ್ರಿ. ಯುಗಾದಿ ಒಳಗ ನಮ್ಮಪ್ಪನ ಗಾಡಿ ಮೊದಲು ಹೆಂಗಿತ್ತೋ ಹಂಗ ಕೂಡಿಸಿ ಕಂಪ್ಲಿ ಕಾಲುವಿ ದಂಡಿ ಮ್ಯಾಲೆ ನಿಂದರಸ್ರಿ. ಬೀಗದ ಕೈ ಇವತ್ತ ಕೊಡ್ರಿ. ಕಿಕ್ ಹೊಡದು ಹಿಂದ ಕುಂದ್ರಿ. ದಾರ್ಯಾಗ ಮಾತಾಡಬ್ಯಾಡ್ರಿ."