ಕಾಕಾನ ಸೈಕಲ್ಲಿನ ಕುಲಗೋತ್ರ

ನಮ್ಮ ಕಾಕಾ ಹುಟ್ಟಿದ ದಿನ ಯಾವುದೆಂದು ಅವರಿಗೇ ಗೊತ್ತಿಲ್ಲ. ಸಾಲಿಯ ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡರು, ಇವರು ಒಪ್ಪಿಕೊಂಡರು. ಅಂಥ ಮನುಷ್ಯ ತೊಂಬತ್ತರ ದಶಕದ ಕೊನೆಯ ನಾಲ್ಕು ವರ್ಷಗಳನ್ನು ಒಂದು ಸೈಕಲ್ಲು ಹುಟ್ಟಿದ ವರ್ಷ ಹುಡುಕುವುದರಲ್ಲಿ ಕಳೆದರೆಂದರೆ ನಂಬುತ್ತೀರಾ? ಅವರ ಜೊತೆ ನನ್ನವೂ ಕಳೆದವು!

ಸೈಕಲ್ಲು ಅವರಪ್ಪನದು, ಅಂದರೆ ನಮ್ಮಜ್ಜನದು. ಇಂಗ್ಲೆಂಡಿನ ಮಾಲು: ಇಪ್ಪತ್ತೆಂಟು ಇಂಚಿನ ಗಾಲಿ, ತಂತಿಯ ಬದಲು ಸರಳಿನ ಬ್ರೇಕು. "ಅಪ್ಪ ನನ್ನ ಒಂದಿನಾನೂ ಎತ್ತಿಕೊಂಡಾಂವಲ್ಲ. ಇದನ್ನ ಮಾತ್ರ ದಿನಾ ಒರಸಾಂವ. ಅಂಥಾದ್ದು ಇದರಾಗ ಏನೈತಿ, ನೋಡಬೇಕು" ಎನ್ನುತ್ತಿದ್ದರು ಕಾಕಾ. ಕಂಪನಿಯಿಂದ ಹೊರಬಿದ್ದಾಗ ಹೇಗಿತ್ತೋ ಹಾಗೆಯೇ ಅದನ್ನು ಇಂಡಿ ಊರಿನ ನಮ್ಮ ಅಂಗಳದಲ್ಲಿ ನಿಲ್ಲಿಸಬೇಕೆಂಬುದು ಅವರ ಹಟ.

ಇಂಥದೇ ಸೈಕಲ್ಲಿನ ಚೈನಿನ ಮುಚ್ಚಳ ಮುದ್ದೇಬಿಹಾಳದ ಒಂದು ಮನೆಯಲ್ಲಿದೆ ಎಂದು ಸುದ್ದಿ ಬಂತು. ಹೋದೆವು. ಇತ್ತು, ಖರೆ, ಮಣ್ಣು ತುಂಬಿ ಅದರಲ್ಲಿ ಕೊತ್ತಂಬರಿ ಬೆಳೆದಿದ್ದರು. ಆ ಮನೆಯ ಅಮ್ಮ ಚಹಾ ಕೊಟ್ಟರು, ಒಂದು ಹಿಡಿ ಕೊತ್ತಂಬರಿ ಕೊಟ್ಟರು, ಮುಚ್ಚಳ ಕೊಡಲಿಲ್ಲ. ಸಿಂದಗಿಯಲ್ಲಿ ಚರ್ಮದ ಸೀಟು ಸಿಕ್ಕಿತು. ತಂದ ಮೂರನೆಯ ದಿನ ಇಲಿಗಳು ತಿಂದು ಮುಗಿಸಿದವು. "ಒರಿಜಿನಲ್ ಯಾವುದಂತ ಇಲಿಗೂ ತಿಳಿತೈತಿ" ಎಂದು ಕಾಕಾ ಹೆಮ್ಮೆಪಟ್ಟರು. ಇಂಥವರಿಗೆ ಏನು ಹೇಳೋಣ?

ನಿಜವಾದ ಫಜೀತಿ ಶುರುವಾದದ್ದು ಬಣ್ಣ ಕೆರೆದಾಗ. ಅಜ್ಜ ತೀರಿಕೊಂಡ ಮೇಲೆ ಪ್ರತಿ ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಹಚ್ಚಿ ಉಳಿದ ಬಣ್ಣವನ್ನು ಮನೆಯವರು ಸೈಕಲ್ಲಿಗೆ ಬಳಿಯುತ್ತಿದ್ದರು. ಗುಲಾಬಿ, ಹಸಿರು, ಹಳದಿ ಕೆರೆದು ಕೆರೆದು ನನ್ನ ಉಗುರು ಸವೆದವು. ಕೊನೆಗೆ ಕಂಪನಿಯ ಕರಿ ಬಣ್ಣ ಕಂಡಿತು. ಜೊತೆಗೆ ಮುಂದಿನ ಓರೆ ಪೈಪಿನ ಎಡಕ್ಕೊಂದು ಬಲಕ್ಕೊಂದು, ಬೆರಳ ತುದಿಯಷ್ಟು ಕಬ್ಬಿಣದ ಮೋಟುಗಳು.

ಬಂದೂಕು ಸಿಗಿಸುವ ಕೊಂಡಿಗಳವು, ಇದು ಮಿಲಿಟರಿ ಸೈಕಲ್ಲು ಎಂದು ಕಾಕಾ ಊರಿಗೆಲ್ಲ ಸಾರಿದರು. ಚಿತ್ರ ಬರೆದು, ಸೀಟಿನ ಕೆಳಗಿನ ನಂಬರು ಸೇರಿಸಿ, ಇದು ಯಾವ ವರ್ಷದ್ದೆಂದು ಕೇಳಿ ಇಂಗ್ಲೆಂಡಿನ ಕಂಪನಿಗೆ ಕಾಗದ ಹಾಕಿದೆವು. ಕಾಗದದ ಇಂಗ್ಲಿಷು ನನ್ನದು. ಅದನ್ನು ಬಿಡಿಸಿ ಓದಲಿಕ್ಕೇ ಅವರಿಗೆ ಆರು ತಿಂಗಳು ಹಿಡಿದಿರಬೇಕು. ಉತ್ತರ ಬಂತು: ಹಳೆಯ ರಜಿಸ್ಟರುಗಳು ನಮ್ಮಲ್ಲಿಲ್ಲ, ಆದರೆ ಇಂಥ ಮೋಟುಗಳಿರುವ ಸೈಕಲ್ಲನ್ನು ನಾವು ಎಂದೂ ಮಾಡಿಲ್ಲ.

ಕಾಕಾ ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಅಪ್ಪ ಜೀವಮಾನವಿಡೀ ಒರೆಸಿದ್ದು ಖೊಟ್ಟಿ ಸೈಕಲ್ಲೇ! ಗುಜರಿಗೆ ಹಾಕುತ್ತೇನೆಂದು ಎದ್ದು ನಿಂತರು. ಅದಕ್ಕೂ ಮೊದಲು ಅವರ ಅಕ್ಕನನ್ನು ಒಂದು ಮಾತು ಕೇಳೋಣವೆಂದು ಬೇಡಿಕೊಂಡೆ. ಅಕ್ಕ, ಅಂದರೆ ನನ್ನ ಅತ್ತಿ, ಕಾಕಾನಿಗಿಂತ ಹತ್ತು ವರ್ಷ ಹಿರಿಯರು. ಇರುವುದು ಬಸವನ ಬಾಗೇವಾಡಿಯಲ್ಲಿ. ಬಸ್ಸಿನ ನೆತ್ತಿಯ ಮೇಲೆ ಸೈಕಲ್ ಹೇರಿಕೊಂಡು ಹೋದೆವು.

ಅತ್ತಿ ಮೋಟುಗಳನ್ನು ಬೆರಳಿಂದ ಸವರಿ ನೋಡಿದರು.

"ಬಂದೂಕಿಂದಲ್ಲೋ ಹುಚ್ಚಾ. ನೀ ಕಾಲಿಡಾಕ ಅಪ್ಪ ಹಚ್ಚಿಸಿದ್ದು. ಎರಡ ವರ್ಷದಾಂವ ಇದ್ದಿ. ಪೈಪಿನ ಮ್ಯಾಲೆ ಕುಂತ್ರ ಕಾಲು ಗಾಲ್ಯಾಗ ಸಿಗತಾವಂತ ಕಮ್ಮಾರನ ಕಡೆ ಹೋಗಿ ಎರಡು ಕಡ್ಡಿ ಬೆಸಿಸಿಕೊಂಡು ಬಂದ. ದಿನಾ ಸಂಜೀಕ ನಿನ್ನ ಕುಂದರಿಸಿಕೊಂಡು ಅಡ್ಡಾಡಾಂವ. ನೀ ದೊಡ್ಡಾಂವ ಆದಮ್ಯಾಲೆ ಆ ಕಡ್ಡಿ ಕೊಯ್ಸಿದ, ಮೋಟು ಉಳದಾವ."

ಕಾಕಾ ಅಲ್ಲೇ ಕಟ್ಟೆಯ ಮೇಲೆ ಕುಳಿತರು.

"ನನಗ ಒಂದ ಸಂಜಿನೂ ನೆನಪಿಲ್ಲಲ್ಲ, ಅಕ್ಕಾ."

"ಹ್ಯಾಂಗ ಇರತೈತಿ? ಊರ ಅಗಸಿ ಬಾಗಿಲಾ ದಾಟೂದ್ರಾಗ ನೀ ಮಲಗಿಬಿಡತಿದ್ದಿ. ಅಪ್ಪ ಮನಿತನಕ ಒಂದ ಕೈಲೆ ಹ್ಯಾಂಡಲ್ ಹಿಡಕೊಂಡು ಬರ್ತಿದ್ದ."