ಅಜ್ಜಯ್ಯನ ರಿಹರ್ಸಲ್

ಗಣಿತದ ಪರೀಕ್ಷೆ ಇದ್ದ ಒಂದು ಸೋಮವಾರ ನಾನು ಮೊದಲ ಸಲ ಕುಕ್ಕುವಾಡದ ಮನೆ ಬಿಟ್ಟು ಹೊರಟೆ ಎಂಬುದು ನಿರ್ವಿವಾದ ಸಂಗತಿ. ಆಮೇಲೆ ಎಲ್ಲೂ ನೆಟ್ಟಗೆ ನಿಂತವನಲ್ಲ. ಹೀಗೇ ಅಲೆಯುತ್ತ ದಾವಣಗೆರೆಗೆ ಬಂದಾಗ ಪಿ.ಜೆ. ಬಡಾವಣೆಯ ಅಂತಿಮಯಾತ್ರೆ ಸೇವಾ ಸಮಿತಿಯಲ್ಲಿ ಕೆಲಸ ಸಿಕ್ಕಿತು. ಹುದ್ದೆ: ಮಂಡಕ್ಕಿ ಸಹಾಯಕ. ಹೆಣದ ಮುಂದೆ ಎರಚುವ ಮಂಡಕ್ಕಿಯಲ್ಲಿ ಮುರಿದದ್ದು, ಕರಕಾದದ್ದು ಆರಿಸಿ ತೆಗೆಯಬೇಕು.

ಸಮಿತಿಯ ಬಳಿ ಹೊಚ್ಚ ಹೊಸ ಗಾಜಿನ ಶವವಾಹನವಿತ್ತು. ಅದರಲ್ಲಿ ಇನ್ನೂ ಒಂದು ಹೆಣವೂ ಹೋಗಿರಲಿಲ್ಲ. ಕಾರ್ಯದರ್ಶಿ ಬಕ್ಕೇಶಪ್ಪನವರಿಗೆ ಯಾವುದೂ ಒಪ್ಪಿಗೆಯಾಗಿರಲಿಲ್ಲ. ಒಂದರ ಹಾರ ಸೊಟ್ಟಗಿತ್ತು. ಇನ್ನೊಂದರ ಹಿಂದೆ ಅಳುವವರು ಸಾಲಾಗಿ ಬರಲಿಲ್ಲ. ಹೀಗಾಗಿ ನಿಯಮ ಹೊರಬಿತ್ತು: “ವಾಹನ ಬೇಕಾದವರು ಸಾಯುವ ಮೊದಲೇ ಖುದ್ದಾಗಿ ಹಾಜರಾಗಿ ರಿಹರ್ಸಲ್ ಕೊಟ್ಟು ಒಪ್ಪಿಗೆ ಪಡೆಯತಕ್ಕದ್ದು.”

ಪಕ್ಕದ ಬಾತಿ ಊರಿನ ಅಜ್ಜಯ್ಯನಿಗೆ ಒಂದೇ ಆಸೆ. ಜೀವಮಾನವೆಲ್ಲ ಚಕ್ಕಡಿ, ಟ್ರ್ಯಾಕ್ಟರಿನಲ್ಲಿ ಕುಲುಕಿಸಿಕೊಂಡು ಓಡಾಡಿದವನು, ಹರಿಹರದ ಹೊಳೆದಂಡೆಗೆ ಕೊನೆಯ ಸಲ ಹೋಗುವಾಗಲಾದರೂ ಗಾಜಿನ ಗಾಡಿಯಲ್ಲಿ ಮೆತ್ತಗೆ ಹೋಗಬೇಕು. ಹೆಂಡತಿ ರಂಗವ್ವನನ್ನು ಕರಕೊಂಡು ಬಂದು ಹೆಸರು ಬರೆಸಿದ; ಗಾಡಿ ಬಾತಿಗೆ ಹೋದಾಗ ಅದರಲ್ಲಿ ಮಲಗಿದ. ಬಾತಿಯಿಂದ ಹೊರಟೆವು. ನಾನು ಮುಂದಿನ ಸೀಟಿನಿಂದ ಮಂಡಕ್ಕಿ ಎರಚಿದೆ.

“ಅಜ್ಜಾ, ಉಸಿರಾಡಬ್ಯಾಡ. ಗಾಜು ಮಬ್ಬಾಗ್ತೈತೆ,” ಎಂದರು ಬಕ್ಕೇಶಪ್ಪನವರು.

“ಉಸಿರಾಡದಂಗ ಇರಾಕ ಆಗಂಗಿದ್ರೆ ರಿಹರ್ಸಲ್ ಯಾಕ ಬೇಕಿತ್ರಿ ಸಾವ್ಕಾರ್ರೆ? ನೇರ ಹೊಳಿಗೇ ಹೋಗ್ತಿದ್ದೆ.”

“ಹೆಣ ಮಾತಾಡಂಗಿಲ್ಲ. ವಾಪಸ್ ತಿರುಗಿಸ್ರಿ, ಮೊದಲಿಂದ!”

ಎರಡನೇ ಸಲ ತಪ್ಪು ರಂಗವ್ವನದು. “ಅವ್ವಾ, ನೀನು ಬೇಗ ಅಳಾಕ ಶುರು ಮಾಡಿದಿ. ಊರು ದಾಟಿದ ಮ್ಯಾಲೆ ಅಳಬೇಕು.”

“ಈ ಮನ್ಶನ್ನ ಕಟ್ಕಂಡ ದಿನದಿಂದ್ಲೇ ಶುರು ಆಗೈತ್ರಿ,” ಎಂದಳು ರಂಗವ್ವ.

ಬೇಸಿಗೆ ಪೂರಾ ಇದೇ ನಡೆಯಿತು. ಅಜ್ಜಯ್ಯ ಕಾಲಿನ ಹೆಬ್ಬೆರಳು ಜೋಡಿಸಲು ಕಲಿತ, ನೊಣ ಕೂತರೂ ಅಲುಗದಿರಲು ಕಲಿತ. ಕಡೆಗೆ ಬಕ್ಕೇಶಪ್ಪನವರು “ಪಾಸ್” ಎಂದರು. ಅಜ್ಜಯ್ಯ ಊರಿಗೆಲ್ಲ ಮಿರ್ಚಿ ಮಂಡಕ್ಕಿ ತಿನ್ನಿಸಿದ. ಮರುವಾರ ನೆಮ್ಮದಿಯಿಂದ ಸತ್ತ.

ಗಾಡಿ ಬಾಗಿಲಿಗೇ ಬಂತು. ಬಕ್ಕೇಶಪ್ಪನವರು ದಾರ ಹಿಡಿದು ಅಜ್ಜಯ್ಯನ ಮೂಗಿನಿಂದ ಹೆಬ್ಬೆರಳವರೆಗೆ ನೋಡಿದರು.

“ತಲಿ ಎಡಕ್ಕೆ ವಾಲೈತೆ. ರಿಹರ್ಸಲ್‌ನಾಗೆ ಹಿಂಗಿರಲಿಲ್ಲ.”

“ನೀವೇ ಒಂದು ಮಾತು ಹೇಳಿ ನೋಡ್ರಿ,” ಎಂದಳು ರಂಗವ್ವ.

“ಹೇಳಿದೆನವ್ವಾ. ಕೇಳವಲ್ಲ.”

ಅಂಗಳದಲ್ಲೇ ತುರ್ತುಸಭೆ ಸೇರಿ ಠರಾವು ಪಾಸಾಯಿತು: “ಸತ್ತವರು ಸಹಕರಿಸದ ಕಾರಣ ಇನ್ನು ಮುಂದೆ ವಾಹನ ಬದುಕಿರುವವರಿಗೆ ಮಾತ್ರ.” ಅಜ್ಜಯ್ಯ ಲಗೇಜ್ ಆಟೋದಲ್ಲಿ ಪ್ರತಿ ಗುಂಡಿಗೂ ಎಗರುತ್ತ ಹರಿಹರ ಸೇರಿದ.

ಹೊಳೆದಂಡೆಯಲ್ಲಿ ರಂಗವ್ವ ಬಹಳ ಹೊತ್ತು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. “ಹೋಗ್ಲಿ ಬಿಡ್ರಿ. ಗಾಜಿನ ಗಾಡ್ಯಾಗೆ ಅಷ್ಟು ಸಲ ಹೋಗಿ ತಿರುಗಿ ಮನಿಗೆ ಬಂದಾನೆ. ಯಾರಿಗೆ ಸಿಗ್ತೈತೆ ಆ ಪುಣ್ಯ? ಸಾವ್ಕಾರ್ರೆ, ನನ್ನ ಹೆಸರೂ ಬರ್ಕಳ್ರಿ.”

ಬಂದವರೆಲ್ಲ ಹೌದೆಂದು ತಲೆಯಾಡಿಸಿ ಬಕ್ಕೇಶಪ್ಪನವರ ಮುಂದೆ ಸಾಲುಗಟ್ಟಿದರು. ಸಾಲು ನೆಟ್ಟಗಿತ್ತು.

ಬಕ್ಕೇಶಪ್ಪನವರ ಕಣ್ಣು ನನ್ನ ಮೇಲೆ ಬಿತ್ತು. “ತಮ್ಮಾ, ಇಷ್ಟು ಮಂದಿಗೆ ತೋರಿಸಾಕ ಒಂದು ಮಾದರಿ ಹೆಣ ಬೇಕು. ನಿನ್ನ ಮೈಕಟ್ಟು ಚಲೋ ಐತೆ. ಪರ್ಮನೆಂಟ್ ಪೋಸ್ಟು.”

ಪರ್ಮನೆಂಟ್ ಎಂದ ಕೂಡಲೇ ರೂಮಿಗೆ ಬಂದು ಬ್ಯಾಗಿಗೆ ಬಟ್ಟೆ ತುರುಕತೊಡಗಿದೆ. ಬಕ್ಕೇಶಪ್ಪನವರು ಹಿಂದೆಯೇ ಬಂದು ಬಾಗಿಲಲ್ಲಿ ನಿಂತರು.

“ಹೋಗೋದಾದ್ರೆ ಹೋಗು. ಹಂಗ ಮುದ್ದಿ ಮಾಡಬ್ಯಾಡ. ಅಂಚಿಗೆ ಅಂಚು ಕೂಡಿಸಿ ಮಡಚು.”

ಎಲ್ಲ ಹೊರಗೆ ಸುರಿದು ಮೊದಲಿಂದ ಮಡಚಲು ಕೂತೆ.