ಸೌಟು ದಾಟಿದ ಎಲೆ

ಡಾಕ್ಟರ್ ಅಳಿಯ ಸಿಗಲಿ ಎಂದು ರುದ್ರೇಶ ಬೇಡಿಕೊಂಡಿದ್ದೇನೋ ನಿಜ. ಎಂಥ ಡಾಕ್ಟರು ಎಂದು ದೇವರಿಗೆ ಬಿಡಿಸಿ ಹೇಳಿರಲಿಲ್ಲ. ಹಾಗಾಗಿ ಚನ್ನರಾಯಪಟ್ಟಣದಿಂದ ಆಯುರ್ವೇದದ ಡಾಕ್ಟರು ಬಂದರು. ಹುಡುಗ ಅನಿಲ್‌ಕುಮಾರ್ ಲಕ್ಷಣವಾಗಿದ್ದ, ಸ್ವಂತ ಕ್ಲಿನಿಕ್ ಇತ್ತು. ಮಗಳು ಸೌಜನ್ಯ ಹಾಸನದಲ್ಲಿ ಅವನ ಜೊತೆ ಒಂದು ಕಾಫಿ ಕುಡಿಯಲು ಹೋಗಿ ಮೂರು ಕಾಫಿ ಕುಡಿದು ಬಂದಿದ್ದಳು. (ಹೆತ್ತವರಿಗೆ ಇಷ್ಟು ಲಕ್ಷಣ ಸಾಕು.) ಬಾಕಿ ಉಳಿದದ್ದು ಒಂದೇ. ಹುಡುಗನ ಅಜ್ಜಿ ಗುರುಸಿದ್ದಮ್ಮ ಹೊಳೆನರಸೀಪುರಕ್ಕೆ ಬಂದು, ಮನೆ ನೋಡಿ, ಉಂಡು, ಹೂಂ ಅನ್ನಬೇಕು. ಎಂಬತ್ತೆರಡು ವರ್ಷದ ಆ ಅಜ್ಜಿ ಹೂಂ ಅನ್ನದೆ ಆ ಮನೆಯಲ್ಲಿ ಕರು ಕೂಡ ಕೆಚ್ಚಲಿಗೆ ಬಾಯಿ ಹಾಕುವುದಿಲ್ಲ ಎಂದು ಪ್ರತೀತಿ.

ರುದ್ರೇಶನದು ಬಸ್‌ಸ್ಟ್ಯಾಂಡ್ ಹತ್ತಿರ ಪಂಪ್‌ಸೆಟ್ ಅಂಗಡಿ. ಮೋಟಾರಿನ ಕಾಯಿಲೆ ಕಸಾಲೆ ಎಲ್ಲ ಗೊತ್ತು, ಮನುಷ್ಯರದು ಗೊತ್ತಿಲ್ಲ.

"ಬೀಗರ ಹತ್ರ ಮಾತಾಡೋಕೆ ನಾಕು ಮಾತು ಬೇಕಲ್ಲ ಕಣೆ" ಎಂದ ಹೆಂಡತಿ ಪ್ರತಿಭಾಗೆ. "ಅವರು ವಾತ ಅಂದಾಗ ನಾನು ಐದು ಎಚ್‌ಪಿ ಅಂತೀನಾ?"

"ಸುಮ್ನಿದ್ರೆ ಆಯ್ತಪ್ಪ. ಸುಮ್ನಿರೋದಕ್ಕೆ ಯಾವ ಶಾಸ್ತ್ರನೂ ಓದಬೇಕಾಗಿಲ್ಲ."

ಸುಮ್ಮನಿರುವುದು ರುದ್ರೇಶನ ಜಾತಕದಲ್ಲೇ ಇಲ್ಲ. ಹಾಸನದಲ್ಲಿ ಕೃಷ್ಣಪ್ಪ ಪಂಡಿತರು ನಡೆಸುತ್ತಿದ್ದ ಮೂರು ದಿನದ ಆಯುರ್ವೇದ ಪರಿಚಯ ಶಿಬಿರಕ್ಕೆ ಹೆಸರು ಬರೆಸಿದ.

ಮೊದಲ ದಿನ ಪಂಡಿತರು ಸೊಗಸಾಗಿ ಹೇಳಿದರು. ದೇಹವೆಂದರೆ ಮೂರು ಕಲ್ಲಿನ ಒಲೆ. ವಾತ ಒಂದು ಕಲ್ಲು, ಅದು ಗಾಳಿಯ ಹಾಗೆ ಓಡಾಡಿಸುತ್ತದೆ. ಪಿತ್ತ ಒಂದು, ಬೆಂಕಿಯ ಹಾಗೆ ಬೇಯಿಸುತ್ತದೆ. ಕಫ ಒಂದು, ನೀರು-ಮಣ್ಣಿನ ಹಾಗೆ ಹಿಡಿದಿಡುತ್ತದೆ. ಮೂರೂ ಸಮ ಇದ್ದರೆ ಪಾತ್ರೆ ನೆಟ್ಟಗೆ ಕೂರುತ್ತದೆ. ಒಂದು ಎತ್ತರವಾಯಿತೋ, ಸಾರು ಚೆಲ್ಲಿತು, ಅದೇ ರೋಗ. ಎರಡನೇ ದಿನ, ಯಾರ ಮೈಯಲ್ಲಿ ಯಾವ ಕಲ್ಲು ದೊಡ್ಡದು ಎಂದು ಗುರುತಿಸುವ ಬಗೆ ಹೇಳಿ, ಅವರವರಿಗೆ ಏನು ಹಿತ, ಏನು ಅಹಿತ ಎಂಬ ಪಟ್ಟಿ ಹಂಚಿದರು. ಪಟ್ಟಿ ಕೈಗೆ ಬಂದ ಮೇಲೆ ಇನ್ನೇನಿದೆ ಕಲಿಯುವುದು ಎಂದು ರುದ್ರೇಶ ಮೂರನೇ ದಿನ ಹೋಗಲಿಲ್ಲ.

ಮನೆಗೆ ಬಂದವನೇ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಕುಟುಂಬವನ್ನು ವಿಂಗಡಿಸಿದ.

"ನೀನು ಪಿತ್ತ ಕಣೆ. ಥಟ್ ಅಂತ ಕೋಪ, ಮೊನಚು ಮಾತು."

"ಇಪ್ಪತ್ತೆಂಟು ವರ್ಷ ನಿಮ್ ಜೊತೆ ಬಾಳಿದ್ರೆ ಕಲ್ಲುಬಂಡೆಗೂ ಪಿತ್ತ ಏರ್ತದೆ. ನೀವೇನೋ?"

ರುದ್ರೇಶ ಗಂಟಲು ಸರಿಮಾಡಿಕೊಂಡ. "ನಾನು ಸಮದೋಷ. ಮೂರೂ ಸಮ. ಸಾವಿರಕ್ಕೊಬ್ರು ಸಿಕ್ತಾರಂತೆ." (ಪರೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಬರೆದವನೂ ಅವನೇ, ಅಂಕ ಹಾಕಿಕೊಂಡವನೂ ಅವನೇ.)

ಬೀಗರು ಬರುವ ಹಿಂದಿನ ದಿನ ಅವನಿಗೆ ಮಹದಾಲೋಚನೆಯೊಂದು ಹೊಳೆಯಿತು. ಬಂದವರ ಪ್ರಕೃತಿಯನ್ನು ನೋಟದಲ್ಲೇ ಅಳೆದು, ಅವರವರಿಗೆ ಹಿತವಾದದ್ದನ್ನಷ್ಟೇ ಬಡಿಸುವುದು. ಡಾಕ್ಟರ್ ಮನೆಯವರು ಮೂಗಿನ ಮೇಲೆ ಬೆರಳಿಡಬೇಕು.

ಪ್ರತಿಭಾ ಕೈಲಿದ್ದ ಮೊರ ಕೆಳಗಿಟ್ಟಳು. "ಒಂದೇ ಪಂಕ್ತೀಲಿ ಕೂರ್ಸಿ ಒಬ್ರಿಗೊಂದು ಇನ್ನೊಬ್ರಿಗೊಂದು ಬಡಿಸ್ತಾರೇನ್ರೀ? ಪಂಕ್ತಿಭೇದ ಅಂತಾರೆ ಅದನ್ನ. ಎದ್ ಓಗ್ತಾರೆ."

"ಅದು ತಿಳೀದೆ ಇರೋ ಜನಕ್ಕೆ ಕಣೆ. ಇವರಿಗೆ ಇದು ಮರ್ಯಾದೆ."

"ಮರ್ಯಾದೆ ಓದ್ರೆ ನಿಮ್ ಪಟ್ಟೀಲಿ ಅದಕ್ಕೇನಾದ್ರೂ ಕಷಾಯ ಅದೆಯಾ?" ಎಂದು ಅವಳು ಮೊರ ಮತ್ತೆ ಎತ್ತಿಕೊಂಡಳು. ಸೌಜನ್ಯ ಮೂಲೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಒಂದು ಕಾಳು ಸಿಪ್ಪೆಯಿಂದ ಚಿಮ್ಮಿ ಅಪ್ಪನ ಕನ್ನಡಕಕ್ಕೆ ಬಡಿಯಿತು.

ಮಾರನೆಯ ದಿನ ಹನ್ನೊಂದಕ್ಕೆ ಕಾರು ಬಂತು. ಇಳಿದವರು ಮೂವರು. ಹುಡುಗನ ತಾಯಿ ಬಂದಿರಲಿಲ್ಲ. ಮನೆಯಲ್ಲಿ ಹಸು ಈಯುವುದಿತ್ತು. ಮೊದಲು ಇಳಿದವರು ಕೊಬ್ಬರಿ ವ್ಯಾಪಾರದ ಪರಮೇಶ್, ಹುಡುಗನ ತಂದೆ. ಹೊಟ್ಟೆ ಮೊದಲು, ಅವರು ಆಮೇಲೆ. ಕಫ, ಎಂದು ರುದ್ರೇಶ ಗುರುತು ಹಾಕಿಕೊಂಡ. ಅನಿಲ್‌ಕುಮಾರ್ ಸಣ್ಣಗೆ, ನಿಂತಲ್ಲೇ ಕಾಲು ಅಲ್ಲಾಡಿಸುತ್ತಿದ್ದ. (ಹೆಣ್ಣಿನ ಮನೆಯಲ್ಲಿ ಯಾವ ಗಂಡಿನ ಕಾಲು ಅಲ್ಲಾಡುವುದಿಲ್ಲ?) ವಾತ. ಅಜ್ಜಿ ಕೆಂಪಗೆ, ನೆಟ್ಟಗೆ, ಬಾಗಿಲಲ್ಲೇ "ಈ ಹೊಸಲು ಯಾಕಿಷ್ಟು ಎತ್ರ?" ಎಂದು ಕೇಳಿದರು. ಪಿತ್ತ, ಅನುಮಾನವೇ ಇಲ್ಲ. ಮೂರು ಜನ, ಮೂರು ದೋಷ. ದೇವರೇ ಎಣಿಸಿ ಕಳಿಸಿದ ಹಾಗಿತ್ತು.

ಒಳಗೆ ಬಂದ ಅಜ್ಜಿ ಮೂಗು ಅರಳಿಸಿದರು. "ಇತ್ಕಿದ ಬೇಳೆ ಸಾರು. ಬೀದಿ ತಿರುವಿನಿಂದ್ಲೇ ಗಮ್ ಅಂತಿತ್ತು ಕಣವ್ವ."

"ನಿಮಗೋಸ್ಕರನೇ ಅಜ್ಜಿ" ಎಂದಳು ಸೌಜನ್ಯ.

ಟೇಬಲ್ಲಿನಲ್ಲಿ ಉಂಡರೆ ಜಠರಾಗ್ನಿ ಮಂದವಾಗುತ್ತದೆಂದು ರುದ್ರೇಶ ಚಾಪೆ ಹಾಸಿ ಎಲೆ ಹಾಕಿಸಿದ್ದ. ಅಜ್ಜಿ ಸರಾಗವಾಗಿ ಕುಳಿತರು. "ನೀವೂ ಕೂತ್ಕಳಿ ಬೀಗ್ರೆ, ಒಟ್ಟಿಗೆ ಉಣ್ಣಾನ" ಎಂದು ಪರಮೇಶ್ ಕರೆದರು. ಸಾಲಿನ ಕೊನೆಗೆ ಐದನೆಯ ಎಲೆಯೂ ಬಿತ್ತು. (ನಾಲ್ಕನೆಯದು ದೇವರದು, ದೇವರ ಪ್ರಕೃತಿಯನ್ನು ಮಾತ್ರ ರುದ್ರೇಶ ಪರೀಕ್ಷಿಸಿರಲಿಲ್ಲ.)

"ಬಡಿಸೋದು ನಾನೇ" ಎಂದು ಅವನು ಪ್ರತಿಭಾಳ ಕೈಯಿಂದ ಸೌಟು ಕಿತ್ತುಕೊಂಡ. ಅವಳು ಬೀಗರ ಎದುರು ಜಗ್ಗಾಡಲಾರದೆ ಬಿಟ್ಟಳು.

ಹೋಳಿಗೆ ಅಜ್ಜಿಯ ಎಲೆಗೆ ಬಿತ್ತು, ಪರಮೇಶರದನ್ನು ದಾಟಿತು. ತುಪ್ಪವೂ ದಾಟಿತು. ಅವರಿಗೆ ಬಂದದ್ದು ಒಣರೊಟ್ಟಿ, ಹುರುಳಿ ಸಾರು. ಆಲೂಗಡ್ಡೆ ಪಲ್ಯ ಅನಿಲ್‌ಕುಮಾರನನ್ನು ದಾಟಿ, ಅಲ್ಲಿಗೆ ಶುಂಠಿ ಹಾಕಿದ ಹೆಸರುಬೇಳೆ ಗಂಜಿಯ ಬಟ್ಟಲು ಇಳಿಯಿತು. ಮಾವಿನಕಾಯಿ ಉಪ್ಪಿನಕಾಯಿ ಅಜ್ಜಿಯನ್ನು ದಾಟಿತು. ಬದಲಿಗೆ ಉಪ್ಪು ಖಾರ ಕಾಣದ ಸೋರೆಕಾಯಿ. ಕೊನೆಗೆ ಹಿತಕಿದ ಬೇಳೆ ಸಾರು ಬಂತು. ಅಜ್ಜಿ ಅನ್ನದಲ್ಲಿ ಗುಂಡಿ ಮಾಡಿಕೊಂಡು ಕಾದರು. ಸೌಟು ಅವರ ಎಲೆಯ ಮೇಲೆ ಗಾಳಿಯಲ್ಲೇ ತೇಲಿ ಮುಂದೆ ಹೋಯಿತು. ಅನಿಲ್‌ಕುಮಾರನನ್ನೂ ದಾಟಿ, ಸಾಲಿನ ಕೊನೆಯ ಎಲೆಯ ಮೇಲೆ ಧಾರಾಳವಾಗಿ ಮೂರು ಸಲ ಬಾಗಿತು.

ಅದು ರುದ್ರೇಶನ ಎಲೆ. ಸಮದೋಷದವನಿಗೆ ನಿಷಿದ್ಧವೆಂಬುದೇ ಇಲ್ಲ. ಹೋಳಿಗೆ, ತುಪ್ಪ, ಪಲ್ಯ, ಉಪ್ಪಿನಕಾಯಿ, ಸಾರು, ಎಲ್ಲ ಅಲ್ಲಿ ಜಾತ್ರೆ ಕೂಡಿದ್ದವು. ಮಂಡಿ ಲಟಕ್ಕೆನ್ನಿಸಿ ಅವನು ಕೂತು, "ನಿಮ್ಮ ನಿಮ್ಮ ಪ್ರಕೃತಿಗೆ ತಕ್ಕ ಹಾಗೆ. ನಿಧಾನಕ್ಕೆ ಆಗಲಿ" ಎಂದ.

ಯಾರ ಕೈಯೂ ಎಲೆಗೆ ಹೋಗಲಿಲ್ಲ.

ಅಜ್ಜಿ ಅನ್ನದ ಗುಂಡಿಯನ್ನು ಮುಚ್ಚಿದರು. "ನನ್ ಎಲೆ ಕಂಡ್ರೆ ನಿನ್ ಸೌಟು ಎಗ್ರಿಕೊಂಡ್ ಓಯ್ತದಲ್ಲ, ಯಾಕಪ್ಪ?"

"ನೀವು ಪಿತ್ತ ಪ್ರಕೃತಿ ಅಜ್ಜಿ..."

"ನಾನು ಗುರುಸಿದ್ದಮ್ಮ." ಅವರ ದನಿ ಏರಲಿಲ್ಲ. "ಹನ್ನೆರಡು ವರ್ಸದವಳಿದ್ದಾಗ ನಮ್ ದೊಡ್ಡಮ್ಮನ ಮಗಳ ಮದ್ವೇಲಿ ಇಂಗೇ ತುಪ್ಪದ ಗಿಂಡಿ ನನ್ನ ದಾಟ್ಕೊಂಡ್ ಓಗಿತ್ತು. ಬಡವರ ಮಗಳು ಅಂತ. ಎದ್ ಬಂದೆ. ಇವತ್ತಿಗೂ ಆ ಮನೆ ನೀರು ಮುಟ್ಟಿಲ್ಲ."

ಅವರ ಬೆರಳು ಎಲೆಯ ಅಂಚಿಗೆ ಹೋಯಿತು. ಎಲೆ ಮಡಿಸಿದರೆ ಮುಗಿಯಿತು; ಊಟವೂ, ಸಂಬಂಧವೂ. ರುದ್ರೇಶನ ಮೈ ಬೆವರಿತು, ಕೈ ನಡುಗಿತು, ನಾಲಿಗೆ ಬಾಯೊಳಗೇ ಅಂಟಿಕೊಂಡಿತು. ಅಡುಗೆಮನೆ ಬಾಗಿಲಲ್ಲಿ ನಿಂತ ಪ್ರತಿಭಾ ಗಂಡನನ್ನು ನೋಡಿದ ನೋಟಕ್ಕೆ ಯಾವ ಪಟ್ಟಿಯಲ್ಲೂ ಹೆಸರಿರಲಿಲ್ಲ.

ಅವಳ ಪಕ್ಕದಿಂದ ಸೌಜನ್ಯ ಸಾರಿನ ಪಾತ್ರೆ ಹಿಡಿದು ಹೊರಬಂದಳು. ನೇರ ಅಜ್ಜಿಯ ಎದುರು ಬಗ್ಗಿ ನಿಂತಳು.

"ಅಜ್ಜಿ, ಅಪ್ಪ ಮೂರು ದಿನದ ಪಾಠಕ್ಕೆ ಎರಡೇ ದಿನ ಹೋಗಿದ್ರು. ಮೂರನೇ ದಿನದ್ದು ನಾನು ಬಡಿಸ್ತೀನಿ. ಗುಂಡಿ ಮಾಡ್ಕಳಿ."

ಅಜ್ಜಿ ಅವಳ ಮುಖ ನೋಡಿದರು. ಆಮೇಲೆ ಎಲೆಯ ಅಂಚು ಬಿಟ್ಟು, ಅನ್ನದಲ್ಲಿ ಮತ್ತೆ ಗುಂಡಿ ಮಾಡಿದರು. ಮೊದಲಿಗಿಂತ ದೊಡ್ಡದು.

ಅನಿಲ್‌ಕುಮಾರ್ ಬಾಯಿಬಿಟ್ಟದ್ದು ಆಗ. "ಕೃಷ್ಣಪ್ಪನೋರು ನಮ್ ಮೇಷ್ಟ್ರು. ಮೂರನೇ ದಿನ ಸಾತ್ಮ್ಯ ಅಂತ ಹೇಳ್ಕೊಡ್ತಾರೆ. ಹುಟ್ಟಿದಾಗಿಂದ ಉಂಡು ರೂಢಿಯಾಗಿರೋದು ಮೈಗೆ ಒಗ್ಗಿರ್ತದೆ, ಅದನ್ನ ದಿಢೀರ್ ಅಂತ ಕಿತ್ಕೋಬಾರದು ಅಂತ. ಅಜ್ಜಿಗೆ ಪುಷ್ಯ ಮಾಸದಲ್ಲಿ ಅವರೇಸಾರು ನಿಲ್ಸಿದ್ರೆ ಅದೇ ರೋಗ. ಅದ್ರಲ್ಲೂ ಇಲ್ಲಿ ಇಂಗು, ಶುಂಠಿ, ಬೆಳ್ಳುಳ್ಳಿ ಎಲ್ಲ ಬಿದ್ದದೆ. ಅತ್ತೆ ಆಗ್ಲೇ ಮದ್ದು ಅರೆದು ಹಾಕವ್ರೆ."

"ಇಪ್ಪತ್ತೆಂಟು ವರ್ಷದಿಂದ ಹಾಕ್ತಾ ಇವ್ನಿ" ಎಂದಳು ಪ್ರತಿಭಾ ಬಾಗಿಲಲ್ಲೇ.

ಸೌಜನ್ಯ ಸಾಲಿನುದ್ದಕ್ಕೂ ಎಲ್ಲರಿಗೂ ಎಲ್ಲವನ್ನೂ ಬಡಿಸಿದಳು. ಪರಮೇಶರು ಹೋಳಿಗೆಯ ಮೇಲೆ ತುಪ್ಪ ಹರಿಯುವುದನ್ನು ಭಕ್ತಿಯಿಂದ ನೋಡಿದರು. ಅಜ್ಜಿ ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು; ಕಣ್ಣು ಬಿಟ್ಟಾಗ ಅದರಲ್ಲಿ ತುಂಟತನವಿತ್ತು.

"ಲೇ ಅನಿಲ, ಒಂದ್ ಕೆಲ್ಸ ಮಾಡು. ನಿಮ್ ಮಾವ ಬೆವರ್ತಾವ್ನೆ. ಕೈ ಇಡ್ಕೊಂಡು ನಾಡಿ ನೋಡ್ಲಾ."

ಮಾವ. ಅಜ್ಜಿಯ ಹೂಂ ಆ ಮಾತಿನೊಳಗೇ ಬಂದುಹೋಗಿತ್ತು. ಪಂಪ್‌ಸೆಟ್ ರುದ್ರೇಶನ ಕಣ್ಣಲ್ಲಿ ಮೋಟಾರಿಲ್ಲದೆ ನೀರು ಬಂತು. ಅನಿಲ್‌ಕುಮಾರ್ ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದು, ಗಂಭೀರವಾಗಿ ಮೂರು ಬೆರಳಿಟ್ಟ.

"ಬೆವರು ಪಿತ್ತ. ನಡುಕ ವಾತ. ಮಾತು ಹೊರಡ್ತಿಲ್ಲ, ಕಫ. ಮೂರೂ ಕೆರಳಿವೆ ಮಾವ."

"ಮೂರೂ ಸಮವಾಗಾ?" ಎಂದು ರುದ್ರೇಶ ಆಸೆಯಿಂದ ಕೇಳಿದ.

"ಸಮವಾಗೇ."

"ಏನ್ ಪಥ್ಯ?" ಎಂದರು ಅಜ್ಜಿ.

ಅನಿಲ್‌ಕುಮಾರ್ ತನ್ನ ಎಲೆಯ ಪಕ್ಕ ಮುಟ್ಟದೆ ಉಳಿದಿದ್ದ ಗಂಜಿಯ ಬಟ್ಟಲನ್ನು ನೋಡಿದ. ಅದನ್ನು ರುದ್ರೇಶನ ಮುಂದಕ್ಕೆ ಮೆಲ್ಲಗೆ ಸರಿಸಿದ. ಅಜ್ಜಿ ಮೊಮ್ಮಗನ ಮುಂದಿನಿಂದ ಕೈ ಚಾಚಿ, ಸಮದೋಷದವನ ತುಂಬಿದ ಎಲೆಯನ್ನು ಹಾಗೇ ಎಳೆದು ಮಾವ ಅಳಿಯರ ನಡುವಿನ ದೇವರೆಲೆಯ ಮೇಲಿಟ್ಟರು.

ಎರಡನೇ ಸುತ್ತಿಗೆ ಪ್ರತಿಭಾ ತಾನೇ ಸಾರು ಹಿಡಿದು ಬಂದಳು. ಅಜ್ಜಿಗೆ ಎರಡು ಸೌಟು, ಬೀಗರಿಗೆ ಎರಡು, ಅಳಿಯನಿಗೆ ಮೂರು. ಕೊನೆಗೆ ಗಂಡನ ಮುಂದೆ ಬಂದು ನಿಂತಳು. ಹಬೆ ಅವನ ಕನ್ನಡಕದ ಮೇಲೆ ಕೂತಿತು. ಸೌಟಿನ ತುದಿಯಲ್ಲಿ ಒಂದು ಹನಿ ತೂಗಿತು, ಬೀಳುವಂತೆ ಮಾಡಿತು.

ಆಮೇಲೆ ಸೌಟು ದಾಟಿಕೊಂಡು ಹೋಯಿತು.